ಲೂನಿ ಇಲೆವೆನ್: ಹುಣ್ಣಿಮೆ ಚಂದ್ರನಿಗೆ ಎಷ್ಟು ಬೆಳಕು ಸಾಕು?

ಹುಣ್ಣಿಮೆಯ ಚಂದ್ರನ ಚಿತ್ರ ತೆಗೆಯುವವರು ಬಾಯಿಪಾಠ ಮಾಡಿಕೊಂಡಿರುವ ಸೂತ್ರವೊಂದಕ್ಕೆ ‘ಲೂನಿ ಇಲೆವೆನ್’ ಎಂದು ಹೆಸರು. ಲ್ಯಾಟಿನ್ನಿನಲ್ಲಿ ಲೂನಾ ಎಂದರೆ ಚಂದ್ರ. ಇಲೆವೆನ್ ಎಂಬುದು ಎಫ್/11 ಅಪರ್ಚರಿನ ಸಂಖ್ಯೆ. ಅಪರ್ಚರ್ ಎಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ, ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಅಪರ್ಚರನ್ನು ಎಫ್/11ರಲ್ಲಿಟ್ಟು, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆಯ ಅಳತೆ) ಸಂಖ್ಯೆಯಿಂದ ಒಂದನ್ನು ಭಾಗಿಸಿದರೆ ಬರುವಷ್ಟು ಸೆಕೆಂಡು ಶಟರ್ ತೆರೆದಿದ್ದರೆ ಸಾಕು ಎಂಬುದೇ ಸೂತ್ರ. ಐಎಸ್‌ಒ 100 ಇದ್ದಾಗ ಶಟರ್ ವೇಗ 1/100 ಅಥವಾ ಅದರ ಹತ್ತಿರದ 1/125 ಸೆಕೆಂಡು. ಅಪರ್ಚರನ್ನು ಎಫ್/8ಕ್ಕೆ ಹಿಗ್ಗಿಸಿದರೆ 1/250 ಸೆಕೆಂಡು. ಒಳಬರುವ ಬೆಳಕು ಎರಡರಲ್ಲೂ ಒಂದೇ.

ರಾತ್ರಿಯ ಚಿತ್ರಕ್ಕೆ ಇಷ್ಟು ಕಡಿಮೆ ಎಕ್ಸ್‌ಪೋಷರ್ (ಒಳಬಿಡುವ ಬೆಳಕು) ಸಾಲುವುದು ಹೇಗೆ ಎಂಬ ಅನುಮಾನ ಸಹಜ. ಕತ್ತಲಿರುವುದು ನಾವು ನಿಂತಿರುವ ಅಂಗಳದಲ್ಲಿ, ಚಂದ್ರನಲ್ಲಲ್ಲ. ನಮಗೆ ಕಾಣುವ ಅವನ ಮೈಮೇಲೆ ಆ ಹೊತ್ತಿನಲ್ಲಿ ಸುರಿಯುತ್ತಿರುವುದು ಪೂರ್ತಿ ಬಿಸಿಲು. ಬಿಸಿಲಿನಲ್ಲಿರುವ ವಸ್ತುಗಳಿಗೆ ಇದೇ ಶಟರ್ ಲೆಕ್ಕದಲ್ಲಿ ಎಫ್/16 ಸಾಕೆನ್ನುವ ಹಳೆಯ ‘ಸನ್ನಿ ಸಿಕ್ಸ್‌ಟೀನ್’ ಸೂತ್ರವೇ ಇದೆ. ಚಂದ್ರನ ನೆಲ ಮಾತ್ರ ನಾವು ಎಣಿಸಿದಷ್ಟು ಬಿಳಿಯಲ್ಲ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಅದು ಹಿಂದಿರುಗಿಸುವುದು ಸುಮಾರು ಶೇ. 12ರಷ್ಟನ್ನು, ಸವೆದ ಡಾಂಬರು ರಸ್ತೆಯೂ ಹೆಚ್ಚುಕಡಿಮೆ ಅಷ್ಟೇ. ಚಿತ್ರದಲ್ಲಿ ಅದು ಮಂಕಾಗದೆ ಬೆಳ್ಳಗೆ ಹೊಳೆಯಲೆಂದು ಒಂದು ಸ್ಟಾಪ್ ಹೆಚ್ಚಿಸಿದಾಗ, ಅಂದರೆ ಬೆಳಕನ್ನು ಎರಡರಷ್ಟು ಮಾಡಿದಾಗ, ಹದಿನಾರು ಹನ್ನೊಂದಾಗುತ್ತದೆ.

ಕ್ಯಾಮೆರಾವನ್ನು ಆಟೊದಲ್ಲಿಟ್ಟರೆ ಈ ಲೆಕ್ಕ ಕೆಡುತ್ತದೆ. ಆಕಾಶದಲ್ಲಿ ಚಂದ್ರನ ಅಗಲ ಅರ್ಧ ಡಿಗ್ರಿ ಮಾತ್ರ, 200 ಮಿ.ಮೀ. ಲೆನ್ಸ್ ಹಾಕಿದರೂ ಸೆನ್ಸರಿನ ಮೇಲೆ ಅವನ ಬಿಂಬ 2 ಮಿ.ಮೀ. ಕೂಡ ಮುಟ್ಟುವುದಿಲ್ಲ. ಉಳಿದದ್ದೆಲ್ಲ ಕಪ್ಪಾಗಿರುವುದರಿಂದ ಇಡೀ ಚೌಕಟ್ಟನ್ನು ನಡುಬೂದಿ ಬಣ್ಣಕ್ಕೆ ತರಲು ಹೊರಡುವ ಮೀಟರು (ಬೆಳಕು ಅಳೆಯುವ ಸಾಧನ) ಶಟರನ್ನು ಬಹಳ ಹೊತ್ತು ತೆರೆದಿಡುತ್ತದೆ, ಚಂದ್ರ ಸುಣ್ಣ ಬಳಿದ ಬಿಲ್ಲೆಯಂತಾಗುತ್ತಾನೆ. ಹೀಗೆ ಅಳಿಸಿಹೋದ ವಿವರವನ್ನು ಆಮೇಲೆ ಯಾವ ತಂತ್ರಾಂಶದಿಂದಲೂ ಮರಳಿ ತರಲಾಗದು. ಎಕ್ಸ್‌ಪೋಷರ್ ಸರಿಯಿದೆಯೇ ಎಂದು ನೋಡಲು ನನಗೆ ಕ್ಯಾಮೆರಾ ತೋರಿಸುವ ಬೆಳಕಿನ ಗ್ರಾಫಿಗಿಂತ ನೆಚ್ಚಿನ ಗುರುತು ನಮ್ಮ ಅಜ್ಜಿಯಂದಿರು ತೋರಿಸಿದ ಮೊಲ: ಕ್ಯಾಮೆರಾದ ಪರದೆಯನ್ನು ಹಿಗ್ಗಿಸಿದಾಗ ಮೊಲ ಸ್ಪಷ್ಟವಾಗಿ ಕಂಡರೆ ಬೆಳಕು ಹದವಾಗಿದೆ, ಮೊಲ ಮಾಯವಾಗಿದ್ದರೆ ಶಟರ್ ವೇಗ ಹೆಚ್ಚಿಸಬೇಕು.

ಸೂತ್ರ ಹೊಂದುವುದು ಹುಣ್ಣಿಮೆಗೆ ಮಾತ್ರ, ಅದೂ ಚಂದ್ರ ಮೇಲೇರಿದ ಮೇಲೆ. ದಿಗಂತದಲ್ಲಿ ಕೆಂಪಗಿರುವಾಗ ದಟ್ಟ ಗಾಳಿ ಬೆಳಕನ್ನು ನುಂಗುವುದರಿಂದ ಒಂದೆರಡು ಸ್ಟಾಪ್, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಅಷ್ಟಮಿಯ ಅರ್ಧಚಂದ್ರನ ಒಟ್ಟು ಬೆಳಕು ಹುಣ್ಣಿಮೆಯ ಅರ್ಧವಲ್ಲ, ಸುಮಾರು ಹತ್ತನೆಯ ಒಂದು ಪಾಲು. ಓರೆ ಬಿಸಿಲಿನಲ್ಲಿ ಅಲ್ಲಿನ ಗುಡ್ಡ ಕುಳಿಗಳ ನೆರಳು ಉದ್ದವಾಗುವುದು ಇದಕ್ಕೊಂದು ಕಾರಣ.

ಗೋಪುರವೋ ತೆಂಗಿನ ಮರವೋ ಚಂದ್ರನ ಜೊತೆಗೇ ಬೇಕೆನ್ನುವವರಿಗೆ ಒಂದು ಹಳೆಯ ಉದಾಹರಣೆ ದಾರಿ ತೋರುತ್ತದೆ. 1941ರ ನವೆಂಬರ್ 1ರ ಸಂಜೆ ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ನ್ಯೂ ಮೆಕ್ಸಿಕೋದ ಹರ್ನಾಂಡಿಸ್ ಎಂಬ ಹಳ್ಳಿಯ ಬಳಿ ಚಂದ್ರೋದಯ ಕಂಡು ಕಾರು ನಿಲ್ಲಿಸಿದರು. ಸಮಾಧಿಯ ಶಿಲುಬೆಗಳ ಮೇಲಿನ ಬಿಸಿಲು ಆರುವುದರಲ್ಲಿತ್ತು, ಮೀಟರು ಕೈಗೆ ಸಿಗಲಿಲ್ಲ. ಚಂದ್ರನ ಪ್ರಕಾಶ ಚದರ ಅಡಿಗೆ 250 ಕ್ಯಾಂಡಲ್ ಎಂಬುದು ನೆನಪಿತ್ತು. ಅದೊಂದನ್ನೇ ಹಿಡಿದು ಮನಸ್ಸಿನಲ್ಲೇ ಲೆಕ್ಕ ಹಾಕಿ, ಫಿಲ್ಟರ್ ನುಂಗುವ ಬೆಳಕನ್ನೂ ಸೇರಿಸಿ, ಎಫ್/32ರಲ್ಲಿ ಒಂದು ಸೆಕೆಂಡು ತೆರೆದರು. ಎರಡನೆಯ ಪ್ರತಿ ತೆಗೆಯುವಷ್ಟರಲ್ಲಿ ಬಿಸಿಲು ಹೋಗಿತ್ತು. ಅಂದು ಹುಣ್ಣಿಮೆಗೆ ಇನ್ನೂ ಎರಡು ದಿನವಿದ್ದುದರಿಂದಲೇ ಸೂರ್ಯ ಮುಳುಗುವ ಮೊದಲೇ ಚಂದ್ರ ಮೇಲೆ ಬಂದಿದ್ದ. ನೆಲವೂ ಚಂದ್ರನೂ ಒಂದೇ ಎಕ್ಸ್‌ಪೋಷರಿಗೆ ಒಗ್ಗಬೇಕೆಂದರೆ ಹುಣ್ಣಿಮೆಯ ನಡುರಾತ್ರಿಗೆ ಕಾಯದೆ, ಚತುರ್ದಶಿಯ ಸಂಜೆಯೇ ಟ್ರೈಪಾಡ್ ಹೂಡಬೇಕು.