ಬೇ ಎಷ್ಟು ಎಂದು ಕೇಳುವ ಮುನ್ನ

ವಿಮಾನ ನಿಲ್ದಾಣದಲ್ಲಿ ವಿಮಾನಗಳು ನಿಲ್ಲುವ ಅಂಗಳ, ಅಂದರೆ ಏಪ್ರನ್‌ನ ನಕ್ಷೆ ಮೇಜಿನ ಮೇಲೆ ಹರಡಿದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಒಟ್ಟು ಎಷ್ಟು ಬೇ, ಅಂದರೆ ಒಂದೊಂದು ವಿಮಾನ ನಿಲ್ಲುವ ಜಾಗ, ಸಿಗುತ್ತವೆ? ಲೆಕ್ಕ ಸುಲಭ. ಏರ್‌ಬಸ್ ಎ320, ಬೋಯಿಂಗ್ 737 ಸೇರುವ ‘ಸಿ’ ವರ್ಗದ ವಿಮಾನಗಳ ರೆಕ್ಕೆಯಗಲ 36 ಮೀಟರಿನೊಳಗೆ. ಪಕ್ಕದ ವಿಮಾನಕ್ಕೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಕಾವೊ ಕೇಳುವ ಕನಿಷ್ಠ ಅಂತರ 4.5 ಮೀಟರ್. ಅಲ್ಲಿಗೆ 40.5 ಮೀಟರಿಗೊಂದು ಬೇ. ಆದರೆ ವಿಮಾನ ಹೊತ್ತಿಗೆ ಸರಿಯಾಗಿ ಹೊರಡುವುದು ಈ ಲೆಕ್ಕದಿಂದಲ್ಲ, ಬೇಗಳ ಹಿಂದೆ ವಿಮಾನ ಓಡಾಡುವ ದಾರಿಯಾದ ಟ್ಯಾಕ್ಸಿಲೇನ್‌ನಿಂದ.

ಟರ್ಮಿನಲ್ಲಿನ ಎರಡು ಚಾಚುಗಳ ನಡುವೆ ಒಂದೇ ಲೇನ್ ಬಿಟ್ಟು ಎರಡೂ ಬದಿಗೆ ಬೇ ತುಂಬಿಸಿದ ನಕ್ಷೆಗಳನ್ನು ಈಗಲೂ ನೋಡುತ್ತೇನೆ. ಏರೋಬ್ರಿಜ್‌ಗೆ ಮೂತಿಯಿಟ್ಟು ನಿಂತ ವಿಮಾನವನ್ನು ಟಗ್ ಎಂಬ ಗಾಡಿ ಹಿಂದಕ್ಕೆ ತಳ್ಳಬೇಕು, ಎಂಜಿನ್ ಸ್ಟಾರ್ಟ್ ಆಗಬೇಕು, ಎರಡನ್ನೂ ಜೋಡಿಸುವ ಟೋ ಬಾರ್ ಬಿಚ್ಚಬೇಕು, ಕೆಳಗಿನ ಸಿಬ್ಬಂದಿ ಮೂತಿಚಕ್ರದ ಸ್ಟಿಯರಿಂಗ್ ತಡೆದಿದ್ದ ಕೆಂಪು ಪಟ್ಟಿಯ ಬೈಪಾಸ್ ಪಿನ್ ತೆಗೆದು, ಎತ್ತಿ ಪೈಲಟ್‌ಗೆ ತೋರಿಸಬೇಕು. ಅಷ್ಟೂ ಹೊತ್ತು, ಓಣಿಯ ಬಾಯಲ್ಲಿ ಲಾರಿ ನಿಂತ ಹಾಗೆ, ಒಳಗಿನವರು ಹೊರಬರುವಂತಿಲ್ಲ, ಹೊರಗಿನವರು ಒಳಹೋಗುವಂತಿಲ್ಲ. ಬಂದಿಳಿದ ವಿಮಾನ ತನ್ನ ಖಾಲಿ ಬೇಯನ್ನು ನೋಡುತ್ತಲೇ ಕಾಯುತ್ತದೆ. ಎರಡು ಬೇ ಕೈಬಿಟ್ಟರೂ ಸರಿ, ಎರಡನೇ ಲೇನ್ ಬೇಕು ಎಂಬುದು ನನ್ನ ಹಟ. ಮಾಲೀಕರಿಗೆ ಇದು ರುಚಿಸುವುದಿಲ್ಲ.

ಬೇ ಉಳಿಸಲು ಬೇರೆ ದಾರಿಯಿದೆ. ಬೆಂಗಳೂರಿನಲ್ಲಿ ಯುರೋಪಿನ ದೊಡ್ಡ ವಿಮಾನಗಳು ಹೆಚ್ಚಾಗಿ ನಡುರಾತ್ರಿಯ ಆಚೀಚೆ ಬಂದು ಹೋಗುತ್ತವೆ. ದೇಶದೊಳಗಿನವು ಬೆಳಗಿನ ಜಾವದಿಂದ ಮುಗಿಬೀಳುತ್ತವೆ. ಹೊತ್ತು ಹೀಗೆ ಬೇರೆಬೇರೆಯಾದಲ್ಲಿ ಒಂದೇ ಜಾಗ ಇಬ್ಬರಿಗೂ ಒದಗುತ್ತದೆ: ರಾತ್ರಿ ಒಂದು 777, ಹಗಲು ಎರಡು ಎ320. ಇದೇ ಮಾರ್ಸ್ ಬೇ. 777 ಸೇರುವ ‘ಇ’ ವರ್ಗಕ್ಕೆ ರೆಕ್ಕೆಯಗಲ 65ರ ಜೊತೆ ಅಂತರ 7.5 ಸೇರಿ 72.5 ಮೀಟರ್ ಸಾಕು. ಎರಡು ‘ಸಿ’ಗೆ 81 ಬೇಕು. ಹಾಗಾಗಿ ಇಲ್ಲಿ ಅಗಲ ನಿರ್ಧರಿಸುವುದು ಚಿಕ್ಕ ವಿಮಾನಗಳೇ. (ಬೋಯಿಂಗ್ 777ಎಕ್ಸ್ ತನ್ನ 71.8 ಮೀಟರ್ ರೆಕ್ಕೆಯ ತುದಿ ಮಡಚಿ 64.8 ಆಗುವುದೂ ಈ ‘ಇ’ ಬೇಯಲ್ಲಿ ಹಿಡಿಸಲಿಕ್ಕೇ.)

ಬೇಯ ಎರಡು ಬದಿಗಳೂ ಒಂದೇ ಅಲ್ಲ. ಪ್ರಯಾಣಿಕರು ಹತ್ತಿಳಿಯುವುದು ಎಡಬಾಗಿಲಿನಿಂದ. ಎ320ರ ಲಗೇಜ್ ಬಾಗಿಲುಗಳು ಬಲಕ್ಕೆ, ಊಟದ ಗಾಡಿ ಹಚ್ಚುವುದೂ ಬಲಕ್ಕೆ, ಸಾಮಾನ್ಯವಾಗಿ ಇಂಧನ ತುಂಬುವುದೂ ಬಲರೆಕ್ಕೆಗೆ. ಆದ್ದರಿಂದ ಲಗೇಜ್ ಏರಿಸುವ ಬೆಲ್ಟ್ ಲೋಡರ್, ಟ್ರಾಲಿಗಳು ವಿಮಾನ ಬರುವ ಮೊದಲೇ ಬಂದು ನಿಲ್ಲಲು ಬಲಗಡೆ ಗುರುತಿಟ್ಟ ಜಾಗ ಬೇಕು. ಅಲ್ಲೇ ದೀಪದ ಕಂಬ ನೆಟ್ಟ ನಕ್ಷೆ ಬಂದರೆ ಮಾತಿಲ್ಲದೆ ವಾಪಸ್ ಕಳಿಸುತ್ತೇನೆ.

ನೆಲದ ಇಳಿಜಾರು ಶೇ 1 ಮೀರಬಾರದು, ಅದೂ ಟರ್ಮಿನಲ್‌ನಿಂದ ಆಚೆಗೆ. ಚೆಲ್ಲಿದ ಇಂಧನ ಕಟ್ಟಡದತ್ತ ಹರಿಯಬಾರದಲ್ಲ.

ಶಿವಮೊಗ್ಗದಂಥ ಊರಿನಲ್ಲಿ ಲೆಕ್ಕವೇ ಬೇರೆ. ಅಲ್ಲಿಗೆ ಬರುವ ಪ್ರೊಪೆಲ್ಲರಿನ ಸಣ್ಣ ವಿಮಾನ ಎಟಿಆರ್ 72 ಟಗ್ ಇಲ್ಲದೆ ತಾನೇ ತಿರುಗಿ ಹೊರಡಬಲ್ಲದು, ಆದರೆ ಅದಕ್ಕೆ ಜಾಗ ಹೆಚ್ಚು ಕೇಳುತ್ತದೆ. ಜನ ಹತ್ತುವುದು ಹಿಂಬಾಗಿಲಿನಿಂದ, ಬಹುತೇಕ ನಡೆದೇ ಬಂದು. ಪಕ್ಕದ ಬೇಯಲ್ಲಿ ಪ್ರೊಪೆಲ್ಲರ್ ತಿರುಗುತ್ತಿರಬಹುದು. ಅಲ್ಲಿ ನಾನು ಮೊದಲು ಎಳೆಯುವ ಗೆರೆ ಜನ ನಡೆಯುವ ದಾರಿಯದು. ವಿಮಾನ ಯಾವ ಕಡೆ ತಿರುಗಬೇಕು ಎಂಬುದು ಆಮೇಲೆ.