ಸೀಟ್ ಬೆಲ್ಟ್‌ನ ಕೊನೆಯ ಗೇಣು

2018ರ ಮಾರ್ಚ್‌ನ ಒಂದು ರಾತ್ರಿ ತಂಗಿಯ ಮಗ ಅಮೆರಿಕದ ಓಹಾಯೋದಿಂದ ವಿಡಿಯೊ ಕರೆ ಮಾಡಿದ. ಓದಲು ಹೋಗಿ ಏಳು ತಿಂಗಳಾಗಿತ್ತು. ಬಸ್ಸು ಅಪರೂಪವಾದ ಆ ಊರಿನಲ್ಲಿ ಓಡಾಡಲು ಹಳೆಯ ಕಾರೊಂದನ್ನು ನೋಡಿಟ್ಟಿದ್ದ. ನಾಲ್ಕು ವರ್ಷದ ಗಾಡಿ, ಹೊಳೆಯುವ ಬಣ್ಣ, ಬೆಲೆ ಮಾರುಕಟ್ಟೆಗಿಂತ ಕಾಲು ಭಾಗ ಕಡಿಮೆ. "ಟೈಟಲ್ ಕ್ಲೀನ್ ಇದೆ ಮಾಮ" ಎಂದ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ತೋರಿಸು ಎಂದೆ. ದಿನವೂ ಹೊರಗೆ ಬರುವ ಭಾಗ ಹೊಸದರಂತಿತ್ತು. ಸುರುಳಿಯೊಳಗೇ ಉಳಿಯುವ ಕೊನೆಯ ಗೇಣಿನಲ್ಲಿ ಮಾತ್ರ ಕಂದು ಕಲೆ. ಉಗುರಿನಿಂದ ಕೆರೆದಾಗ ಹಿಟ್ಟಿನಂಥ ಮಣ್ಣು ಉದುರಿತು.

ಆ ಗಾಡಿ ನೀರಿನಲ್ಲಿ ಮುಳುಗಿತ್ತು.

ಟೈಟಲ್ ಎಂದರೆ ಅಲ್ಲಿನ ಒಡೆತನದ ಪತ್ರ, ನಮ್ಮ ಆರ್‌ಸಿಯ ಹತ್ತಿರದ ನೆಂಟ. ಅದನ್ನು ಕೊಡುವುದು ಆಯಾ ರಾಜ್ಯ. ನೆರೆಯಲ್ಲಿ ಮುಳುಗಿದ ಗಾಡಿಗೆ ವಿಮಾ ಕಂಪನಿ ಪೂರ್ತಿ ಪರಿಹಾರ ಕೊಟ್ಟರೆ, ಅದರ ಟೈಟಲ್ ಮೇಲೆ 'ಸಾಲ್ವೇಜ್' (ತೀವ್ರ ಹಾನಿಯಾದ ಗಾಡಿ) ಅಥವಾ 'ಫ್ಲಡ್' (ನೆರೆ) ಎಂಬ ಮುದ್ರೆ ಬೀಳಬೇಕು. ಆದರೆ ಎಂಥ ಗಾಡಿಗೆ ಯಾವ ಮುದ್ರೆ ಎಂಬುದರಲ್ಲಿ ರಾಜ್ಯ ರಾಜ್ಯಕ್ಕೂ ವ್ಯತ್ಯಾಸವಿದೆ. ಹರಾಜಿನಲ್ಲಿ ಅಗ್ಗಕ್ಕೆ ಕೊಂಡವನು ಗಾಡಿಯನ್ನು ಸಡಿಲ ನಿಯಮದ ರಾಜ್ಯಕ್ಕೆ ಒಯ್ದು ಹೊಸ ಟೈಟಲ್ ಮಾಡಿಸುತ್ತಾನೆ. ಮುದ್ರೆ ಮಾಯವಾಗುತ್ತದೆ. ಇದಕ್ಕೆ ಅಲ್ಲಿ 'ಟೈಟಲ್ ವಾಷಿಂಗ್' ಎನ್ನುತ್ತಾರೆ, ಅಂದರೆ ಪತ್ರ ತೊಳೆಯುವುದು.

2017ರ ಆಗಸ್ಟ್‌ನಲ್ಲಿ ಹಾರ್ವೆ ಚಂಡಮಾರುತ ಟೆಕ್ಸಾಸ್‌ಗೆ ಅಪ್ಪಳಿಸಿದಾಗ ಕೆಲವೇ ದಿನಗಳಲ್ಲಿ ಒಂದೆರಡು ಕಡೆ 1,500 ಮಿ.ಮೀ. ಮೀರಿ ಮಳೆ ಸುರಿಯಿತು. ಅದು ಬೆಂಗಳೂರಿನ ಒಂದೂವರೆ ವರ್ಷದ ಮಳೆ. ವಿಮೆ ಕೇಳಿ ಬಂದ ವಾಹನಗಳೇ ನಾಲ್ಕು ಲಕ್ಷ ದಾಟಿದವು. ಅವನ್ನು ನಿಲ್ಲಿಸಲು ಜಾಗ ಸಾಲದೆ ರೇಸ್ ಮೈದಾನಗಳನ್ನು ಬಾಡಿಗೆಗೆ ಹಿಡಿಯಬೇಕಾಯಿತು.

ಒಣಗಿಸಿ, ತೊಳೆದು, ಹೊಸ ಕಾರ್ಪೆಟ್ ಹಾಸಿದ ಮೇಲೂ ಅಂಥ ಗಾಡಿಯನ್ನು ನಂಬಲಾಗದು ಏಕೆ? ಉತ್ತರ ತಾಮ್ರದಲ್ಲಿದೆ. ಇಂದಿನ ಕಾರಿನ ಮೈತುಂಬ ತಂತಿ. ಒಟ್ಟು ಉದ್ದ ಕಿಲೋಮೀಟರುಗಳ ಲೆಕ್ಕದಲ್ಲಿದೆ. ಕೀಲಿ ತೆಗೆದರೂ ಅಲಾರಂ, ಗಡಿಯಾರ, ಬಾಗಿಲಿನ ಬೀಗಗಳ ತಂತಿಯಲ್ಲಿ ಬ್ಯಾಟರಿಯ 12 ವೋಲ್ಟ್ ಇದ್ದೇ ಇರುತ್ತದೆ. ಅಂಥ ಕನೆಕ್ಟರ್‌ನ ಎರಡು ಪಿನ್‌ಗಳ ನಡುವೆ ಕೊಳಕು ನೀರು ತುಂಬಿದರೆ ಅಲ್ಲಿ ವಿದ್ಯುದ್ವಿಭಜನೆ ಶುರುವಾಗುತ್ತದೆ. ಧನ ಪಿನ್‌ನ ತಾಮ್ರ ಅಯಾನುಗಳಾಗಿ ಕರಗುತ್ತ ಹೋಗುತ್ತದೆ. ಕೊನೆಗೆ ಉಳಿಯುವುದು ಹಸಿರು ಕಿಲುಬು, ಹಳೆಯ ಚೆಂಬಿನಿಂದ ಅಜ್ಜಿ ಹುಣಸೆಹಣ್ಣು ಹಚ್ಚಿ ತಿಕ್ಕಿ ತೆಗೆಯುತ್ತಿದ್ದಳಲ್ಲ, ಅದೇ ಜಾತಿಯದು. ಚೆಂಬನ್ನಾದರೆ ತಿಕ್ಕಬಹುದು. ಡ್ಯಾಶ್‌ಬೋರ್ಡ್‌ನ ಹಿಂದೆ ಕೂದಲಿನಷ್ಟು ತೆಳುವಾದ ಎಳೆಗಳನ್ನು ಯಾರು ತಿಕ್ಕುತ್ತಾರೆ?

ನೀರು ನಿಂತ ಮಟ್ಟಕ್ಕೇ ತೊಂದರೆ ಮುಗಿಯುವುದಿಲ್ಲ. ವಾಹನದ ತಂತಿ ಹಲವು ಎಳೆಗಳ ಹುರಿ. ದೀಪದ ಬತ್ತಿ ಎಣ್ಣೆ ಹೀರುವಂತೆ ಅದು ಹೊದಿಕೆಯ ಒಳಗಿಂದಲೇ ನೀರನ್ನು ಮೇಲೆ ಹೀರುತ್ತದೆ. ನೆರೆ ಮೊಣಕಾಲುದ್ದ ಬಂದಿದ್ದರೂ ತೇವ ಅದಕ್ಕಿಂತ ಮೇಲಿನ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನು ಮುಟ್ಟಬಹುದು. ಸಮುದ್ರದ ನೀರಾದರೆ ಇನ್ನೂ ಕಷ್ಟ. ಲೀಟರಿಗೆ ಸುಮಾರು 35 ಗ್ರಾಂ ಲವಣ. ಅದರಲ್ಲಿನ ಕ್ಲೋರೈಡ್, ಅಲ್ಯೂಮಿನಿಯಂ ತನ್ನ ಮೈಮೇಲೆ ತಾನೇ ಕಟ್ಟಿಕೊಂಡ ಆಕ್ಸೈಡ್ ಪದರವನ್ನು ಒಡೆದು ಒಳನುಗ್ಗುತ್ತದೆ. ಒಣಗಿದ ಲವಣ ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ, ಮೋಡ ಕವಿದ ಪ್ರತಿ ದಿನವೂ ನಿಂತಿದ್ದ ಕೆಲಸ ಮತ್ತೆ ನಡೆಯುತ್ತದೆ. ಹಾಗಾಗಿ ಮಾರುವ ದಿನ ಎಲ್ಲ ದೀಪಗಳೂ ಉರಿಯುತ್ತವೆ. ಆರು ತಿಂಗಳಿಗೋ ವರ್ಷಕ್ಕೋ ಕೈಕೊಡುತ್ತವೆ. 2022ರಲ್ಲಿ ಇಯಾನ್ ಚಂಡಮಾರುತದ ಉಪ್ಪುನೀರಿನಲ್ಲಿ ನೆನೆದ ಕೆಲವು ವಿದ್ಯುತ್ ಕಾರುಗಳು ಫ್ಲೋರಿಡಾದಲ್ಲಿ ನೀರು ಇಳಿದು ದಿನಗಳಾದ ಮೇಲೆ ಹೊತ್ತಿಕೊಂಡವು.

ನನ್ನ ದೊಡ್ಡ ಭಯ ಏರ್‌ಬ್ಯಾಗ್‌ನದು. ಅದರ ನಿಯಂತ್ರಣ ಪೆಟ್ಟಿಗೆ ಅನೇಕ ಕಾರುಗಳಲ್ಲಿ ಗೇರ್ ಸನ್ನೆಯ ಆಸುಪಾಸಿನಲ್ಲಿ, ನೆಲಕ್ಕೆ ಅಂಟಿಕೊಂಡೇ ಇರುತ್ತದೆ. ಡಿಕ್ಕಿಯಾದ ಮೇಲೆ ಸೆಕೆಂಡಿನ ನೂರರಲ್ಲಿ ಕೆಲವೇ ಪಾಲಿನಷ್ಟು ಹೊತ್ತಿನಲ್ಲಿ ನಿರ್ಧಾರ ಮಾಡಬೇಕಾದ ಅದು ಕಿಲುಬು ಹಿಡಿದು ಕೂತಿದ್ದರೆ, ಅದನ್ನು ಹೊರಗಿನಿಂದ ನೋಡಿ ತಿಳಿಯುವ ದಾರಿಯೇ ಇಲ್ಲ. ಈ ಮೋಸ ಬರೀ ಹಣದ ಮೋಸವಲ್ಲ.

ಅಮೆರಿಕ ಸುಮ್ಮನೆ ಕುಳಿತಿಲ್ಲ. 1992ರ ಕಾನೂನಿನಂತೆ ರಾಷ್ಟ್ರಮಟ್ಟದ ಟೈಟಲ್ ಮಾಹಿತಿ ಕೋಶವೊಂದು ಹುಟ್ಟಿತು. 2009ರಿಂದ ಗ್ರಾಹಕರೂ 17 ಅಕ್ಷರ-ಅಂಕಿಗಳ ವಾಹನ ಗುರುತಿನ ಸಂಖ್ಯೆ ಕೊಟ್ಟು ಅದರಲ್ಲಿ ಹುಡುಕಬಹುದು. ವಿಮಾ ಕಂಪನಿಗಳು, ಗುಜರಿ ಅಂಗಡಿಗಳು ಅದಕ್ಕೆ ವರದಿ ಕೊಡಲೇಬೇಕು. ಆದರೆ ನೆರೆಯ ಹಾನಿಗೆ ವಿಮೆಯನ್ನೇ ಮಾಡಿಸದವನು ತನ್ನ ಗಾಡಿಯನ್ನು ಅಂಗಳದಲ್ಲಿ ಒಣಗಿಸಿ ಮಾರಿದರೆ? ಆ ಕೋಶಕ್ಕೆ ಅವನ ಗಾಡಿ ಮುಳುಗಿದ ಸುದ್ದಿಯೇ ತಲುಪುವುದಿಲ್ಲ. ತೊಳೆಯಲು ಮುದ್ರೆಯೇ ಇಲ್ಲದ ಈ ಪತ್ರ, ತೊಳೆದ ಪತ್ರಕ್ಕಿಂತ ಅಪಾಯಕಾರಿ ಎಂದು ನನಗನಿಸುತ್ತದೆ.

ನಮ್ಮ ಆರ್‌ಸಿಯಲ್ಲಂತೂ 'ಮುಳುಗಿದ ವಾಹನ' ಎಂದು ಬರೆಯುವ ಅಂಕಣವೇ ಇಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವದ ಬಡಾವಣೆಗಳಲ್ಲಿ ಗಾಜಿನ ಮಟ್ಟಕ್ಕೆ ಮುಳುಗಿದ ಕಾರುಗಳನ್ನು ಎಲ್ಲರೂ ನೋಡಿದ್ದೇವೆ. ಅವುಗಳ ಪತ್ರ ಅಂದು ಹೇಗಿತ್ತೋ ಇಂದೂ ಹಾಗೇ ಇರುತ್ತದೆ.

ಹಾಗಾಗಿ ಗಾಡಿಯನ್ನೇ ಓದಬೇಕು. ಸ್ಟೆಪ್ನಿ ಕೂರುವ ಗುಂಡಿಯಲ್ಲಿ ಮೆಕ್ಕಲು, ಸೀಟಿನ ಕೆಳಗಿನ ಬೋಲ್ಟ್‌ಗಳಲ್ಲಿ ತುಕ್ಕು, ಹೆಡ್‌ಲೈಟ್ ಒಳಗೆ ನೀರಿನ ಗೆರೆ ಹುಡುಕಬೇಕು. ಮೂಗನ್ನೂ ನಂಬಬೇಕು. ಒದ್ದೆ ಮಣ್ಣಿನ ವಾಸನೆಗೆ ಕಾರಣವಾದ, ಸೂಕ್ಷ್ಮಜೀವಿಗಳು ತಯಾರಿಸುವ ಜಿಯಾಸ್ಮಿನ್ ಲಕ್ಷ ಕೋಟಿ ಪಾಲಿನಲ್ಲಿ ಕೆಲವೇ ಪಾಲು ಇದ್ದರೂ ಮನುಷ್ಯನಿಗೆ ಗೊತ್ತಾಗುತ್ತದೆ. ಮಾರುವವನು ಕಾರಿನ ತುಂಬ ಸುಗಂಧ ಸಿಂಪಡಿಸಿದ್ದರೆ ಕಿಟಕಿ ಮುಚ್ಚಿ ಹತ್ತು ನಿಮಿಷ ಒಳಗೇ ಕೂರಬೇಕು.

ತಂಗಿಯ ಮಗ ಮರುದಿನ ಗಾಡಿಯ ಗುರುತಿನ ಸಂಖ್ಯೆ ಹಾಕಿ ವರದಿ ತರಿಸಿದ. ಯಾವ ಮುದ್ರೆಯೂ ಇರಲಿಲ್ಲ. 2017ರ ಆಗಸ್ಟ್‌ವರೆಗೆ ಗಾಡಿ ಟೆಕ್ಸಾಸ್‌ನಲ್ಲಿ ನೋಂದಣಿಯಾಗಿತ್ತು, ಅಷ್ಟೇ. ಅವನು ಕೊಳ್ಳಲಿಲ್ಲ, ಕಲೆಯ ವಿಷಯವನ್ನು ಮಾರುವವನಿಗೆ ಹೇಳಿ ಬಂದ. ಮುಂದಿನ ವಾರ ಅದೇ ಕಾರಿನ ಜಾಹೀರಾತು ಮತ್ತೆ ಬಂತು. ಫೋಟೊದಲ್ಲಿ ಸೀಟ್ ಬೆಲ್ಟ್‌ಗಳು ಹೊಸದಾಗಿದ್ದವು.