ಅಡ್ವಾನ್ಸ್ ಕೊಟ್ಟಿದ್ದು ಎಲ್ಲಿ ಬರೆದಿದ್ದೀರಿ ಯಜಮಾನ್ರೇ?

ಮಂಡಿಪೇಟೆಯ ಅಂಗಡಿಯವರೊಬ್ಬರು ಒಂದು ದಿನ ಬೆಳಿಗ್ಗೆ ನನ್ನ ಆಫೀಸಿನ ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿದ್ದರು. "ಸಾರ್, ಹುಡುಗ ಹದಿನೆಂಟು ಸಾವಿರ ಅಡ್ವಾನ್ಸ್ ತಗೊಂಡು ಮೂರು ದಿನದಿಂದ ಬರ್ತಿಲ್ಲ. ಈ ತಿಂಗಳ ಸಂಬಳ ಹಿಡ್ಕೋತೀನಿ. ತೀರಿಸೋವರೆಗೂ ಬೇರೆ ಅಂಗಡಿಗೆ ಹೋಗೋಕೆ ಬಿಡಲ್ಲ."

ನಾನು ಕೇಳಿದ್ದು ಒಂದೇ ಮಾತು. "ಎಲ್ಲಿ ಬರೆದಿದ್ದೀರಿ?"

ಅವರು ಬೆರಳಿಂದ ತಲೆ ತೋರಿಸಿದರು.

ತುಮಕೂರಿನಲ್ಲಿ ಇಪ್ಪತ್ತು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಕೊಬ್ಬರಿ ವ್ಯಾಪಾರದವರು, ಬೇಕರಿಯವರು, ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲಿನವರು, ಹಿರೇಹಳ್ಳಿ ಕಡೆಯ ಸಣ್ಣ ವರ್ಕ್‌ಶಾಪಿನವರು, ಎಲ್ಲರೂ ಬರುತ್ತಾರೆ. ಜಿಎಸ್‌ಟಿ ಅಂದರೆ ಹೆದರುತ್ತಾರೆ, ಬ್ಯಾಂಕಿನ ಬಡ್ಡಿ ಬೆರಳ ತುದಿಯಲ್ಲಿರುತ್ತದೆ. ಕೆಲಸದವರಿಗೆ ಕೊಟ್ಟ ಅಡ್ವಾನ್ಸ್ ಮಾತ್ರ ಯಾರ ಪುಸ್ತಕದಲ್ಲೂ ಇರಲ್ಲ. "ಅಯ್ಯೋ, ಮನೆ ಹುಡುಗ ಇದ್ದ ಹಾಗೆ ಸಾರ್, ಅವನ ಹತ್ರ ಸೈನ್ ಹಾಕಿಸ್ಕೊಳ್ಳೋದಾ?" ಅನ್ನುತ್ತಾರೆ. ಮನೆ ಹುಡುಗ ಕಳ್ಳ ಆಗೋದಕ್ಕೆ ಮೂರು ದಿನ ರಜಾ ಸಾಕು, ಅಲ್ವಾ?

ಸಂಜೆ ಹುಡುಗನನ್ನು ಕರೆಸಿದೆ. ಜ್ವರ ಬಂದು ಮಲಗಿದ್ದನಂತೆ. ಬರುವಾಗ ಮನೆಯ ಗೋಡೆಯ ಕ್ಯಾಲೆಂಡರನ್ನೇ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದ. ಒಂದೊಂದು ದಿನದ ಚೌಕದಲ್ಲೂ ಹಾಲಿನ ಲೆಕ್ಕ. ಅದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ 'ಅಣ್ಣ', ಅಂದರೆ ಯಜಮಾನರು, ಅಂತ ಬರೆದು ಎದುರಿಗೆ ಅವರು ಕೊಟ್ಟ ದುಡ್ಡು. ಶಿವರಾತ್ರಿಗೆ, ಸಿದ್ಧಗಂಗೆ ಜಾತ್ರೆ ಟೈಮಲ್ಲಿ, 2,000. ಗಾಡಿ ರಿಪೇರಿ 1,500. ಅಕ್ಕನ ಸೀಮಂತಕ್ಕೆ 5,000. ಯಜಮಾನರ ಮಗ ಫೋನ್‌ಪೇ ಮಾಡಿದ್ದು 3,000. ಒಟ್ಟು 11,500. ಯುಗಾದಿ ತಿಂಗಳ ಸಂಬಳದಲ್ಲಿ ಮುರಿದುಕೊಂಡ 4,000 ರೂಪಾಯಿಯನ್ನೂ ಬರೆದಿದ್ದ. ಬಾಕಿ 7,500.

ಹಾಗಾದರೆ ಹದಿನೆಂಟು ಸಾವಿರ ಎಲ್ಲಿಂದ ಬಂತು? ಸೀಮಂತದ ದುಡ್ಡನ್ನು ಯಜಮಾನರೂ ನೆನಪಿಟ್ಟುಕೊಂಡಿದ್ದರು, ಅವರ ಮನೆಯವರೂ ನೆನಪಿಟ್ಟುಕೊಂಡಿದ್ದರು. ಇಬ್ಬರೂ ಸೇರಿ ಎರಡು ಸಲ ಕೂಡಿಸಿದ್ದರು. ಇನ್ನೊಂದು 1,500 ಬೇರೆ ಹುಡುಗನಿಗೆ ಕೊಟ್ಟಿದ್ದು. ಮುರಿದುಕೊಂಡಿದ್ದು ಯಾರಿಗೂ ನೆನಪೇ ಇಲ್ಲ. ಕೊಟ್ಟಿದ್ದು ನೆನಪಿರುತ್ತದೆ ಕಣ್ರೀ, ವಾಪಸ್ ಬಂದಿದ್ದು ಮರೆತುಹೋಗುತ್ತದೆ. ಯಜಮಾನರು ಕೆಟ್ಟವರಲ್ಲ. ಆ ಹುಡುಗನ ತಾಯಿಯ ಆಪರೇಷನ್ನಿಗೆ ದುಡ್ಡು ಕೊಟ್ಟು ವಾಪಸ್ ಕೇಳದೇ ಇದ್ದವರು.

ಇನ್ನು ಲೆಕ್ಕದ ಮಾತು. ಇದನ್ನು ಎಷ್ಟು ಸಲ ಹೇಳಿದರೂ ತಲೆಗೆ ಹೋಗಲ್ಲ, ಅದಕ್ಕೆ ನಿಧಾನವಾಗಿ ಹೇಳುತ್ತೇನೆ. ಅಡ್ವಾನ್ಸ್ ಖರ್ಚಲ್ಲ. ಅದು ನಿಮಗೆ ಬರಬೇಕಾದ ದುಡ್ಡು. ಸಂಬಳ 15,000 ಅಂತಿಟ್ಟುಕೊಳ್ಳಿ. ಇಪ್ಪತ್ತನೇ ತಾರೀಖು ಗಲ್ಲಾದಿಂದ 3,000 ಕೊಟ್ಟು 'ಇತರೆ ಖರ್ಚು' ಅಂತ ಬರೆದಿರಿ. ಮುಂದಿನ ತಿಂಗಳು ಅದನ್ನು ಮುರಿದುಕೊಂಡು ಕೈಗೆ 12,000 ಕೊಟ್ಟಿರಿ, ಪುಸ್ತಕದಲ್ಲಿ ಮಾತ್ರ ಸಂಬಳ 15,000 ಅಂತಲೇ ಬರೆದಿರಿ. ಈಗ ಖರ್ಚು 18,000 ಆಯಿತು. ಕೈಯಿಂದ ಹೋಗಿದ್ದು ಹದಿನೈದೇ. ಲಾಭ ಮೂರು ಸಾವಿರ ಸುಮ್ನೆ ಕಮ್ಮಿ ಕಾಣುತ್ತದೆ. ಏನೂ ಬರೆಯದಿದ್ದರೆ ಇನ್ನೂ ಕಷ್ಟ. ಅವತ್ತು ರಾತ್ರಿ ಗಲ್ಲಾ ಎಣಿಸಿದಾಗ ಮೂರು ಸಾವಿರ ಕಮ್ಮಿ ಬರುತ್ತದೆ. ನೀವು ಮೊದಲು ನೋಡೋದು ಕ್ಯಾಶಿನಲ್ಲಿ ಕೂತವನ ಮುಖ.

ಎಪ್ಪತ್ತು ರೂಪಾಯಿಯ ಒಂದು ನೋಟ್‌ಬುಕ್ ಸಾಕು. ಒಬ್ಬೊಬ್ಬರಿಗೆ ಒಂದು ಪುಟ. ತಾರೀಖು, ಕೊಟ್ಟಿದ್ದು, ಮುರಿದಿದ್ದು, ಬಾಕಿ, ಸೈನ್. ಬಾಕಿಯನ್ನು ಪ್ರತಿ ಸಲ ಬರೆಯಿರಿ, ವರ್ಷದ ಕೊನೆಗೆ ಅಂತ ಇಟ್ಟುಕೊಳ್ಳಬೇಡಿ. ಮಗ ಫೋನಲ್ಲಿ ಕಳಿಸಿದ್ದೂ ಅಲ್ಲೇ ಬರಬೇಕು. ಕೊನೆಯ ಪುಟ ನಿಮ್ಮದು. ಮನೆಗೆ ಅಂತ ಗಲ್ಲಾದಿಂದ ತೆಗೆದಿದ್ದನ್ನು ಅಲ್ಲಿ ಬರೆಯಿರಿ.

ಕಾನೂನು ಏನು ಹೇಳುತ್ತೆ ಅಂತ ಕೇಳುವವರಿಗೆ ಎರಡು ಮಾತು. ಹೊಸ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ತಿಂಗಳ ಸಂಬಳ ಮುಂದಿನ ತಿಂಗಳ ಏಳನೇ ತಾರೀಖಿನೊಳಗೆ ಕೊಡಬೇಕು. ಎಲ್ಲ ಕಡಿತ ಸೇರಿ ಸಂಬಳದ ಅರ್ಧ ದಾಟುವ ಹಾಗಿಲ್ಲ. ಕೆಲಸ ಬಿಟ್ಟವನ ಬಾಕಿ ಸಂಬಳವನ್ನು ಎರಡು ಕೆಲಸದ ದಿನದೊಳಗೆ ಚುಕ್ತಾ ಮಾಡಬೇಕು. ಇನ್ನು "ಅಡ್ವಾನ್ಸ್ ತೀರೋವರೆಗೂ ಬೇರೆ ಕಡೆ ಹೋಗೋಕೆ ಬಿಡಲ್ಲ" ಅನ್ನೋ ಮಾತನ್ನು ದಯವಿಟ್ಟು ಬಾಯಲ್ಲೂ ಆಡಬೇಡಿ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಇರೋದೇ ಇಂಥದಕ್ಕೆ. ನೀವು ಸಿಟ್ಟಲ್ಲಿ ಅಂದಿದ್ದಿರಬಹುದು, ಕೇಸು ನಿಮ್ಮ ಸಿಟ್ಟನ್ನು ನೋಡಲ್ಲ. ಒಬ್ಬೊಬ್ಬರ ವ್ಯವಹಾರ ಒಂದೊಂದು ಥರ, ಹಾಗಾಗಿ ಯಾರದಾದರೂ ಸಂಬಳ ಹಿಡಿಯೋ ಮೊದಲು ನಿಮ್ಮ ಆಡಿಟರನ್ನೋ ವಕೀಲರನ್ನೋ ಕೇಳಿಕೊಳ್ಳಿ.

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಗಳಿಗೆ ನೋಟಿಸ್ ಕಳಿಸಿತಲ್ಲ, ಆಗ ನನ್ನ ಕಡೆಯ ಕೆಲವರೂ ಕ್ಯೂಆರ್ ಬೋರ್ಡ್ ಕಿತ್ತು ಒಳಗಿಟ್ಟರು. ಗಲ್ಲಾದಲ್ಲಿ ಕ್ಯಾಶ್ ಜಾಸ್ತಿ ಆಯಿತು. ಕ್ಯಾಶ್ ಜಾಸ್ತಿ ಆದ ಹಾಗೆ ಬರೆಯದೇ ಕೊಡೋದೂ ಜಾಸ್ತಿ ಆಯಿತು. ಸಂಬಳನಾದರೂ ಬ್ಯಾಂಕಿಗೆ ಹಾಕಿ. ಒಬ್ಬನಿಗೆ ಒಂದೇ ದಿನ 10,000 ದಾಟಿ ಕ್ಯಾಶ್ ಕೊಟ್ಟರೆ, ಪುಸ್ತಕ ಇಟ್ಟು ಲಾಭ ತೋರಿಸುವವರಿಗೆ ಆದಾಯ ತೆರಿಗೆಯಲ್ಲಿ ಅದನ್ನು ಖರ್ಚು ಅಂತ ಲಾಭದಿಂದ ಕಳೆಯೋಕೆ ಸಾಮಾನ್ಯವಾಗಿ ಬಿಡಲ್ಲ.

ಆ ಹುಡುಗ ಈಗಲೂ ಅಲ್ಲೇ ಇದ್ದಾನೆ. ತಿಂಗಳಿಗೆ 1,500ರ ಹಾಗೆ ಐದು ತಿಂಗಳಲ್ಲಿ ತೀರಿಸಿದ. ಮೊನ್ನೆ ಮೊಳೆ ತರೋಕೆ ಅಂತ ಹೋಗಿದ್ದೆ. ನೋಟ್‌ಬುಕ್ಕಿಗೆ ದಾರ ಕಟ್ಟಿ ಗಲ್ಲಾದ ಪಕ್ಕ ನೇತುಹಾಕಿದ್ದರು. ತೆಗೆದು ನೋಡಿದೆ. ಹುಡುಗನ ಪುಟ ಅಚ್ಚುಕಟ್ಟಾಗಿತ್ತು, ಬಾಕಿ ಸೊನ್ನೆ. ಕೊನೆಯ ಪುಟ ತಿರುಗಿಸಿದೆ. ಮೇಲೆ ಯಜಮಾನರ ಹೆಸರಿತ್ತು, ಕೆಳಗೆ ಒಂದು ಸಾಲೂ ಇರಲಿಲ್ಲ. "ನಂದು ನೆನಪಿರುತ್ತೆ ಬಿಡಿ ಸಾರ್," ಅಂದರು ತಕ್ಕಡಿಗೆ ಮೊಳೆ ಸುರಿಯುತ್ತಾ.